ಸಿಂಗಪುರದಲ್ಲಿ ಬಾಡಿಗೆ ಮನೆ: ‘ಲೈಟ್ ಕುಕಿಂಗ್’ ಅಂದರೆ ಒಗ್ಗರಣೆ ಹಾಕಬಹುದಾ?

ಹಾಸನದ ಹೊಸಬ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೆಂಗಳೂರು ಬಿಟ್ಟು ಸಿಂಗಪುರಕ್ಕೆ ಬರುತ್ತಿದ್ದೇವೆ. ನಾನು, ಹೆಂಡತಿ, ನಾಲ್ಕು ವರ್ಷದ ಮಗಳು. ಆಫೀಸು ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ. ಕಂಪನಿಯವರು ಮೊದಲ ಎರಡು ವಾರ ಸರ್ವಿಸ್ ಅಪಾರ್ಟ್‌ಮೆಂಟ್ ಕೊಡುತ್ತಾರೆ, ಆಮೇಲೆ ನಮ್ಮ ಪಾಡು ನಮಗೆ.

ವಾರದಿಂದ ಜಾಹೀರಾತು ನೋಡಿ ನೋಡಿ ತಲೆ ಕೆಟ್ಟಿದೆ. ಒಂದರಲ್ಲಿ ‘4 ರೂಮ್, ನೋ ಓನರ್ ಸ್ಟೇಯಿಂಗ್, ಲೈಟ್ ಕುಕಿಂಗ್’ ಅಂತ ಇತ್ತು. ಮೂರು ಜನಕ್ಕೆ ನಾಲ್ಕು ಬೆಡ್‌ರೂಮ್ ಯಾಕೆ ಅಂತ ಬಿಟ್ಟೆ. ಇನ್ನೊಬ್ಬ ಏಜೆಂಟ್‌ಗೆ ವಾಟ್ಸಾಪ್ ಮಾಡಿದೆ. ನಮಸ್ಕಾರ ಇಲ್ಲ, ಏನಿಲ್ಲ, ನಾಲ್ಕು ಪ್ರಶ್ನೆ ಒಟ್ಟಿಗೆ ಬಂತು: ಎಷ್ಟು ಪ್ಯಾಕ್ಸ್, ಯಾವ ಪಾಸ್, ಯಾವ ರೇಸ್ (ಜನಾಂಗ), ಕುಕಿಂಗ್ ಹೆವಿಯೋ ಲೈಟೋ? ಪ್ಯಾಕ್ಸ್ ಅಂದರೆ ಏನಂತಲೇ ನನಗೆ ಗೊತ್ತಿಲ್ಲ. ಕೊನೆಯ ಪ್ರಶ್ನೆಗೆ ಏನು ಬರೆಯಬೇಕು ಅಂತ ಹೆಂಡತಿಯನ್ನು ಕೇಳಿದರೆ, ‘ದಿನಾ ಸಾರು ಮಾಡುವುದು ಹೆವಿನಾ ಲೈಟಾ, ನೀವೇ ಹೇಳಿ’ ಅಂದಳು.

ನಮ್ಮ ಬಜೆಟ್ ತಿಂಗಳಿಗೆ 3,300 ಸಿಂಗಪುರ ಡಾಲರ್ ಆಸುಪಾಸು. ಎಲ್ಲಿ ನೋಡಬೇಕು, ಏನು ಕೇಳಬೇಕು, ಎಲ್ಲಿ ಸಹಿ ಹಾಕಬಾರದು? ಗೊತ್ತಿರುವವರು ದಯವಿಟ್ಟು ಹೇಳಿ.

ಸಿಮೇಯಿ ವಾಸಿ

ಬನ್ನಿ ಬನ್ನಿ. ನನಗೆ ಇಲ್ಲಿ ಹನ್ನೊಂದು ವರ್ಷ, ಇದು ಐದನೇ ಬಾಡಿಗೆ ಮನೆ. ಮೊದಲು ನಿಮ್ಮ ಲೆಕ್ಕ ಸರಿ ಮಾಡುತ್ತೇನೆ. ಪ್ಯಾಕ್ಸ್ ಅಂದರೆ ತಲೆ ಲೆಕ್ಕ, ನೀವು ಮೂರು ಪ್ಯಾಕ್ಸ್. ಪಾಸ್ ಅಂದರೆ ಇಲ್ಲಿದ್ದು ಕೆಲಸ ಮಾಡಲು ಸರ್ಕಾರ ಕೊಡುವ ಪರವಾನಗಿ. ‘4 ರೂಮ್’ ಅಂದರೆ ನಾಲ್ಕು ಬೆಡ್‌ರೂಮ್ ಅಲ್ಲ ಸರ್, ಇಲ್ಲಿ ಹಾಲನ್ನೂ ಒಂದು ರೂಮ್ ಅಂತ ಎಣಿಸುತ್ತಾರೆ. ನಮ್ಮ ಭಾಷೆಯಲ್ಲಿ ಅದು 3 ಬಿಎಚ್‌ಕೆ. ‘3 ರೂಮ್’ ಅಂದರೆ 2 ಬಿಎಚ್‌ಕೆ. ನೀವು ಬಿಟ್ಟ ಮನೆಯೇ ನಿಮಗೆ ಬೇಕಾಗಿದ್ದ ಮನೆ!

ಹೀಗೆ ಎಣಿಸುವುದು ಎಚ್‌ಡಿಬಿ ಮನೆಗಳಲ್ಲಿ. ಎಚ್‌ಡಿಬಿ ಅಂದರೆ ಸರ್ಕಾರದ ಹೌಸಿಂಗ್ ಬೋರ್ಡ್ ಕಟ್ಟಿದ ಫ್ಲ್ಯಾಟು. ಸರ್ಕಾರಿ ಕ್ವಾರ್ಟರ್ಸ್ ಅಂತ ಮೂಗು ಮುರಿಯಬೇಡಿ. ಈ ಊರಲ್ಲಿ ಹತ್ತರಲ್ಲಿ ಹೆಚ್ಚುಕಮ್ಮಿ ಎಂಟು ಮಂದಿ ಇರುವುದು ಅದರಲ್ಲೇ. ಕಾಂಡೋ ಅಂದರೆ ಖಾಸಗಿ ಅಪಾರ್ಟ್‌ಮೆಂಟು, ಅಲ್ಲಿ ಈಜುಕೊಳ, ಜಿಮ್ ಇರುತ್ತದೆ. ಮೊದಲ ತಿಂಗಳು ಖುಷಿಯಲ್ಲಿ ಈಜುತ್ತೀರಿ, ಆಮೇಲೆ ಬಾಲ್ಕನಿಯಿಂದ ನೋಡುತ್ತೀರಿ. ನಿಮ್ಮ ದುಡ್ಡಿಗೆ ಕಾಂಡೋದಲ್ಲಿ ಒಂದು ಬೆಡ್‌ರೂಮ್ ಸಿಕ್ಕರೆ ಪುಣ್ಯ, ಅದೇ ದುಡ್ಡಿಗೆ ಎಚ್‌ಡಿಬಿಯಲ್ಲಿ ಮೂರು ಬೆಡ್‌ರೂಮ್ ಸಿಗಬಹುದು. ಮಗು ಇದೆ ಅಂದಮೇಲೆ ಯೋಚನೆಯೇ ಬೇಡ.

ಏರಿಯಾ ಟ್ಯಾಂಪಿನೀಸ್ ನೋಡಿ. ಅಲ್ಲಿಂದ ಡೌನ್‌ಟೌನ್ ಲೈನ್ ಹಿಡಿದರೆ ಎಕ್ಸ್‌ಪೋ ಮೂರನೇ ಸ್ಟೇಷನ್, ಅಲ್ಲಿಂದ ಆಫೀಸಿಗೆ ನಡೆದೇ ಹೋಗಬಹುದು. ಅದೇ ಲೈನಿನಲ್ಲಿ ಆ ಕಡೆ ಹೋದರೆ ರೈಲು ಬದಲಿಸದೆ ಲಿಟಲ್ ಇಂಡಿಯಾ. ತೆಂಗಿನಕಾಯಿ, ಕರಿಬೇವು, ಹೂವು ತರಲು ವಾರಕ್ಕೊಮ್ಮೆ ಹೋಗಿಯೇ ಹೋಗುತ್ತೀರಿ, ಬರೆದಿಟ್ಟುಕೊಳ್ಳಿ. ನಮ್ಮ ಸಿಮೇಯಿ ಪುಟ್ಟದು, ಮನೆ ಖಾಲಿಯಾಗುವುದೇ ಕಡಿಮೆ. ಬೆಡೋಕ್ ಕೂಡ ಚೆನ್ನಾಗಿದೆ, ಊಟಕ್ಕಂತೂ ಇನ್ನೂ ಚೆನ್ನ.

ಒಂದು ವಿಷಯ ಏಜೆಂಟ್‌ಗಳು ತಾವಾಗಿ ಹೇಳುವುದಿಲ್ಲ. ಎಚ್‌ಡಿಬಿಯ ಇಡೀ ಫ್ಲ್ಯಾಟನ್ನು ವಿದೇಶಿಯರಿಗೆ ಬಾಡಿಗೆ ಕೊಡುವುದಕ್ಕೆ ಕೋಟಾ ಇದೆ. ಒಂದು ಬಡಾವಣೆಯಲ್ಲಿ ನೂರಕ್ಕೆ 8, ಒಂದು ಬ್ಲಾಕ್‌ನಲ್ಲಿ ನೂರಕ್ಕೆ 11 ಮನೆ. ಮಲೇಷ್ಯಾದವರಿಗೆ ಇದು ಲೆಕ್ಕಕ್ಕಿಲ್ಲ, ನಮಗೆ ಇದೆ. ನನ್ನ ಎರಡನೇ ಮನೆ ಹೀಗೇ ಕೈತಪ್ಪಿತು. ಮನೆ ಇಷ್ಟ ಆಯಿತು, ಓನರ್ ಒಪ್ಪಿದರು, ಸೋಫಾ ಎಲ್ಲಿಡಬೇಕು ಅಂತಲೂ ಮನೆಯಾಕೆ ಅಳತೆ ತೆಗೆದಾಯಿತು. ಆಮೇಲೆ ನೋಡಿದರೆ ಆ ಬ್ಲಾಕ್‌ನ ಕೋಟಾ ಭರ್ತಿ. ಮನೆ ನೋಡಲು ಹೋಗುವ ಮೊದಲೇ ‘ನಾನ್ ಸಿಟಿಜನ್ ಕೋಟಾ ಇದೆಯಾ’ ಅಂತ ಕೇಳಿಬಿಡಿ. ಒಂದು ಬಸ್ ಚಾರ್ಜ್ ಉಳಿಯುತ್ತದೆ.

ಒಗ್ಗರಣೆ ಡಬ್ಬಿ

ಅಡುಗೆ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ದುಡ್ಡು ಕೊಟ್ಟು ಕಲಿತ ಪಾಠ ಇದು.

ಇಲ್ಲಿನ ಓನರ್‌ಗಳ ಲೆಕ್ಕದಲ್ಲಿ ಲೈಟ್ ಕುಕಿಂಗ್ ಅಂದರೆ ನೂಡಲ್ಸ್ ಬೇಯಿಸುವುದು, ಮೊಟ್ಟೆ ಹುರಿಯುವುದು, ಬ್ರೆಡ್ ಬಿಸಿ ಮಾಡುವುದು. ನಮ್ಮ ಲೆಕ್ಕದಲ್ಲಿ ಲೈಟ್ ಅಂದರೆ ಅನ್ನ, ತಿಳಿಸಾರು, ಒಂದು ಪಲ್ಯ. ಹೆವಿ ಅಂದರೆ ಹಬ್ಬದ ಅಡುಗೆ. ಎರಡೂ ಕಡೆಯವರು ಒಂದೇ ಪದಕ್ಕೆ ತಲೆ ಆಡಿಸಿ ಸಹಿ ಹಾಕುತ್ತಾರೆ. ಜಗಳ ಆಮೇಲೆ.

ನಮ್ಮ ಮೊದಲ ಮನೆ ತುಂಬಾ ಚಂದ ಇತ್ತು. ಹೊಸ ಬ್ಲಾಕ್, ಅಡುಗೆಮನೆಗೂ ಹಾಲಿಗೂ ಮಧ್ಯದ ಗೋಡೆ ಒಡೆದು ಓಪನ್ ಕಿಚನ್ ಮಾಡಿದ್ದರು. ಕಟ್ಟೆ ಹಾಲಿನಂಥ ಬಿಳಿ ಕ್ವಾರ್ಟ್ಜ್. ಬಂದ ಎರಡನೇ ವಾರ ನಿಂಬೆಹಣ್ಣಿನ ಚಿತ್ರಾನ್ನ ಮಾಡಿದೆ. ಅರಿಶಿನ ಬಿದ್ದ ಒಗ್ಗರಣೆಯ ಸೌಟನ್ನು ಕಟ್ಟೆ ಮೇಲೆ ಇಟ್ಟೆ ನೋಡಿ, ಬೆಳಿಗ್ಗೆವರೆಗೂ ನೆನಪಾಗಲಿಲ್ಲ. ಸೌಟಿನ ಆಕಾರದಲ್ಲೇ ಹಳದಿ ಕಲೆ ಕೂತಿತ್ತು. ಸೋಪು, ಅಡುಗೆ ಸೋಡಾ, ನಿಂಬೆ ಸಿಪ್ಪೆ, ಏನು ಉಜ್ಜಿದರೂ ‘ನಾನಿದ್ದೇನೆ’ ಅನ್ನುತ್ತಿತ್ತು. ಕಿಟಕಿ ಹತ್ತಿರ ಬಿದ್ದ ಇನ್ನೊಂದು ಕಲೆ ಮಾತ್ರ ಬಿಸಿಲು ತಾಗಿ ತಾನಾಗೇ ಮಾಸಿತು. ಅರಿಶಿನಕ್ಕೆ ಬಿಸಿಲೇ ಮದ್ದು ಅಂತ ನಮ್ಮ ಅತ್ತೆ ಫೋನಿನಲ್ಲಿ ಹೇಳಿದರು. ಕಟ್ಟೆಯನ್ನು ಎತ್ತಿ ಬಿಸಿಲಿಗೆ ಇಡುವುದು ಹೇಗೆ?

ಇನ್ನು ಬ್ಯಾಡಗಿ ಮೆಣಸಿನಕಾಯಿ ಘಾಟು. ಚಿಮಣಿ ಹಾಕಿದ್ದರು ನಿಜ, ಆದರೆ ಅದು ಹೊಗೆಯನ್ನು ಹೊರಗೆ ಬಿಡುವಂಥದ್ದಲ್ಲ. ಎಳೆದುಕೊಂಡು, ಜಾಲರಿಯಲ್ಲಿ ಸೋಸಿ, ಮತ್ತೆ ಮನೆಯೊಳಗೇ ಬಿಡುವಂಥದ್ದು. ಪರದೆ, ಸೋಫಾ ಎಲ್ಲಾ ಸಾರಿನ ವಾಸನೆ. ಬಿಡುವಾಗ ಕಟ್ಟೆ ಪಾಲಿಶ್‌ಗೆ 350 ಡಾಲರ್, ಪರದೆ ಡ್ರೈಕ್ಲೀನ್‌ಗೆ 180 ಡಿಪಾಸಿಟ್‌ನಲ್ಲಿ ಮುರಿದುಕೊಂಡರು. ಜಗಳ ಆಡೋಣ ಅಂದರೆ ‘ಲೈಟ್ ಕುಕಿಂಗ್ ಓನ್ಲಿ’ ಅಂತ ಅಗ್ರಿಮೆಂಟಿನಲ್ಲಿ ನನ್ನ ಯಜಮಾನರ ಸಹಿಯೇ ಇತ್ತು.

ಈಗ ನಾನು ಮನೆ ನೋಡಲು ಹೋದರೆ ಬೆಡ್‌ರೂಮ್ ಕಡೆ ಹೋಗುವುದೇ ಇಲ್ಲ, ಸೀದಾ ಅಡುಗೆಮನೆ. ಬಾಗಿಲು ಇದೆಯಾ, ಕಿಟಕಿ ಇದೆಯಾ, ಬಟ್ಟೆ ಒಣಗಿಸುವ ಸರ್ವಿಸ್ ಯಾರ್ಡ್‌ಗೆ ಗಾಳಿ ಆಡುತ್ತದಾ. ಹಳೇ ಬ್ಲಾಕ್‌ಗಳೇ ಇದಕ್ಕೆ ವಾಸಿ, ಟೈಲ್ಸ್ ಮಂಕಾಗಿರಬಹುದು, ಅಡುಗೆಮನೆ ಮಾತ್ರ ಅಡುಗೆಮನೆ ಥರ ಇರುತ್ತದೆ. ಓನರ್ ಎದುರಿಗೆ ನೇರವಾಗಿ ಹೇಳುತ್ತೇನೆ: ನಾವು ದಿನಕ್ಕೆ ಎರಡು ಹೊತ್ತು ಮಸಾಲೆ ಹಾಕಿ ಅಡುಗೆ ಮಾಡುತ್ತೇವೆ, ಮೀನು ಹುರಿಯುತ್ತೇವೆ, ಒಪ್ಪಿಗೆ ಇದ್ದರೆ ಅಗ್ರಿಮೆಂಟಿನಲ್ಲಿ ‘ಕುಕಿಂಗ್ ಅಲೋಡ್’ ಅಂತ ಬರೆಯಿರಿ. ಇಬ್ಬರು ಬೇಡ ಅಂದರು. ಮೂರನೆಯವರು ಚೀನೀ ಅಜ್ಜಿ. ‘ನಾನು ಬೆಲಾಚನ್ ಹುರಿದರೆ ನಿನ್ನ ಸಾರು ಏನೂ ಅಲ್ಲ’ ಅಂತ ನಕ್ಕರು. ಬೆಲಾಚನ್ ಅಂದರೆ ಹುದುಗಿಸಿ ಒಣಗಿಸಿದ ಸಿಗಡಿಯ ಪೇಸ್ಟು. ಹುರಿಯುವಾಗ ಒಮ್ಮೆ ಮೂಗಿಗೆ ಬಿದ್ದರೆ ಜನ್ಮ ಪೂರ್ತಿ ಮರೆಯುವುದಿಲ್ಲ. ಅವರ ಮನೆಯಲ್ಲಿ ಆರು ವರ್ಷದಿಂದ ಇದ್ದೇನೆ.

ಜುರಾಂಗ್ ಜಂಗಮ

ಅಕ್ಕಾ, ನಿಮ್ಮದು ಅರಮನೆ ಸಮಸ್ಯೆ. ನಾನಿರುವುದು ಒಂದು ಕಾಮನ್ ರೂಮ್‌ನಲ್ಲಿ, ಅಂದರೆ ಅಟ್ಯಾಚ್ಡ್ ಬಾತ್‌ರೂಮ್ ಇಲ್ಲದ ರೂಮ್, 1,000 ಡಾಲರ್. ಓನರ್ ಅದೇ ಮನೆಯಲ್ಲಿ. ‘ನೋ ಕುಕಿಂಗ್’. ಎಸಿ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಮಾತ್ರ. ವಾಷಿಂಗ್ ಮೆಷಿನ್ ವಾರಕ್ಕೆ ಒಂದು ಸಲ. ಕಬೋರ್ಡಿನೊಳಗೆ ರೈಸ್ ಕುಕ್ಕರ್ ಇಟ್ಟು ಕದ್ದು ಅನ್ನ ಮಾಡುತ್ತೇನೆ, ಊರಿಂದ ಅಮ್ಮ ಕಳಿಸಿದ ಪುಳಿಯೋಗರೆ ಗೊಜ್ಜು ಕಲಸುತ್ತೇನೆ. ಕುಕ್ಕರ್ ‘ಟಕ್’ ಅಂದಾಗಲೆಲ್ಲ ಕೆಮ್ಮುತ್ತೇನೆ. ಆಂಟಿ ಎರಡು ಸಲ ಶೀತದ ಮಾತ್ರೆ ಕೊಟ್ಟಿದ್ದಾರೆ.

ಬೆಡೋಕ್ ಭಟ್ಟ

ಸಾರಿನ ವಾಸನೆ ಜಗಳ ಇಲ್ಲಿ ಹಳೆಯದು. 2011ರಲ್ಲಿ ಇಡೀ ದೇಶವೇ ಇದರ ಬಗ್ಗೆ ಮಾತಾಡಿತ್ತು. ಚೀನಾದಿಂದ ಬಂದ ಒಂದು ಕುಟುಂಬಕ್ಕೆ ಪಕ್ಕದ ಭಾರತೀಯ ಮೂಲದವರ ಮನೆಯ ಕರಿ ವಾಸನೆ ತಡೆಯಲಾಗುತ್ತಿರಲಿಲ್ಲವಂತೆ. ವಿಷಯ ರಾಜಿ ಕೇಂದ್ರದವರೆಗೆ ಹೋಗಿ, ಪಕ್ಕದವರು ಮನೆಯಲ್ಲಿಲ್ಲದಾಗ ಮಾತ್ರ ಕರಿ ಮಾಡುವುದು ಅಂತ ತೀರ್ಮಾನ ಆಗಿತ್ತು. ಅದು ಪೇಪರಿನಲ್ಲಿ ಬಂದಿದ್ದೇ ತಡ, ಊರಿಗೆ ಊರೇ ಸಿಟ್ಟಾಯಿತು. ಆ ವರ್ಷ ಆಗಸ್ಟ್ 21ರ ಭಾನುವಾರ ಸಾವಿರಾರು ಮನೆಗಳಲ್ಲಿ ಬೇಕೆಂದೇ ಕರಿ ಮಾಡಿ ನೆರೆಯವರನ್ನು ಕರೆದು ಊಟ ಹಾಕಿದರು. ಚೀನೀಯರು, ಮಲಯರು, ಎಲ್ಲರೂ. ಕರಿ ತಮ್ಮದೂ ಹೌದು ಅಂತ ಅವರ ವಾದ. ಹಾಗಾಗಿ ಹೊಸಬರೇ, ತೀರಾ ಹೆದರಬೇಡಿ. ಹಾಗಂತ ಅಗ್ರಿಮೆಂಟಿನಲ್ಲಿ ಬರೆದಿದ್ದಕ್ಕೆ ಆ ಭಾನುವಾರ ಸಾಕ್ಷಿ ಹೇಳಲು ಬರುವುದಿಲ್ಲ.

ಸುಮ್ನೆ ಓದುವವ

ಏಜೆಂಟ್ ‘ಯಾವ ರೇಸ್’ ಅಂತ ಕೇಳಿದ್ದನ್ನು ಯಾರೂ ಪ್ರಶ್ನೆ ಮಾಡಲಿಲ್ಲವಲ್ಲ? ನನಗೆ ಫೋನಿನಲ್ಲೇ ‘ಓನರ್ ಇಂಡಿಯನ್ಸ್‌ಗೆ ಕೊಡಲ್ಲ, ಸಾರಿ ಆ’ ಅಂತ ಮೂರು ಕಡೆ ಹೇಳಿದ್ದಾರೆ. ಜಾಹೀರಾತಿನಲ್ಲಿ ಹಾಗೆ ಹಾಕಬಾರದು ಅಂತ ಏಜೆಂಟ್‌ಗಳಿಗೆ ಸೂಚನೆ ಇದೆಯಂತೆ, ಅದಕ್ಕೇ ಈಗ ವಾಟ್ಸಾಪ್‌ನಲ್ಲಿ ಕೇಳುತ್ತಾರೆ. ಅವತ್ತು ಊಟ ಸೇರಲಿಲ್ಲ ನನಗೆ.

ಬಸವನಗುಡಿ ಬಾಡಿಗೆದಾರ

ಬೇಜಾರಾಗುವುದು ಸಹಜ ಸರ್. ಆದರೆ ನಾನು ಬೆಂಗಳೂರಲ್ಲಿ ಮೊಟ್ಟೆ ತಿನ್ನುತ್ತೇನೆ ಅಂತ ಹೇಳಿದ್ದಕ್ಕೆ ಕಳೆದುಕೊಂಡ ಮನೆ ಎಷ್ಟು ಗೊತ್ತಾ? ‘ವೆಜಿಟೇರಿಯನ್ಸ್ ಓನ್ಲಿ’ ಬೋರ್ಡು ನಮ್ಮ ಗಲ್ಲಿಗಳಲ್ಲಿ ಗೇಟಿಗೇ ನೇತುಹಾಕಿರುತ್ತಾರೆ. ಬ್ಯಾಚುಲರ್‌ಗೆ ಇಲ್ಲ, ಇಂಥ ಜಾತಿಯವರಿಗೆ ಇಲ್ಲ, ಕೇಳುವ ರೀತಿ ಮಾತ್ರ ಬೇರೆ: ‘ಯಾವ ಕಡೆಯವರು ನೀವು?’ ಇಲ್ಲಿಗೆ ಬಂದು ಅದೇ ಏಟು ನಮ್ಮ ಬೆನ್ನಿಗೆ ಬಿದ್ದಾಗ ಗೊತ್ತಾಯಿತು ಅಷ್ಟೇ.

ಇಲ್ಲಿನವರು ಡಿಪಾಸಿಟ್ ವಿಷಯದಲ್ಲಾದರೂ ನಮಗಿಂತ ದೇವರು. ಒಂದು ವರ್ಷದ ಅಗ್ರಿಮೆಂಟಿಗೆ ಒಂದು ತಿಂಗಳ ಬಾಡಿಗೆ, ಎರಡು ವರ್ಷಕ್ಕೆ ಎರಡು ತಿಂಗಳು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರಿಸಿಕೊಂಡು ಬಂದವನು ನಾನು.

ಲೆಕ್ಕದ ಮೇಷ್ಟ್ರು

ಹೊಸಬರೇ, ಭಾವನೆ ಎಲ್ಲಾ ಆಯಿತಲ್ಲ, ಈಗ ಕಾಗದಕ್ಕೆ ಬನ್ನಿ.

ಮನೆ ಒಪ್ಪಿಗೆಯಾದರೆ ಮೊದಲು ‘ಲೆಟರ್ ಆಫ್ ಇಂಟೆಂಟ್’ ಅಂತ ಒಂದು ಹಾಳೆ ಬರುತ್ತದೆ. ಅದರ ಜೊತೆ ಒಂದು ತಿಂಗಳ ಬಾಡಿಗೆ ಕೊಡುತ್ತೀರಿ. ಎಲ್ಲರೂ ಇದನ್ನು ಸುಮ್ನೆ ಔಪಚಾರಿಕ ಅಂದುಕೊಳ್ಳುತ್ತಾರೆ. ಅಲ್ಲ. ನಿಮಗೆ ಬೇಕಾದದ್ದನ್ನೆಲ್ಲ ಕೇಳುವ ಜಾಗ ಇದೇ: ಹೊಸ ಹಾಸಿಗೆ ಬೇಕು, ಎಸಿ ತೊಳೆಸಿ ಕೊಡಬೇಕು, ಅಡುಗೆಗೆ ಒಪ್ಪಿಗೆ, ಡಿಪ್ಲೊಮ್ಯಾಟಿಕ್ ಕ್ಲಾಜ್. ಇಲ್ಲಿ ಬಿಟ್ಟದ್ದನ್ನು ಅಗ್ರಿಮೆಂಟ್ ಸಮಯದಲ್ಲಿ ಕೇಳಿದರೆ ‘ಆವಾಗ ಹೇಳಲಿಲ್ಲವಲ್ಲ’ ಅನ್ನುತ್ತಾರೆ.

ಡಿಪ್ಲೊಮ್ಯಾಟಿಕ್ ಕ್ಲಾಜ್ (ಷರತ್ತು) ಅಂದರೆ ರಾಯಭಾರಿಗಳಿಗೆ ಅಂದುಕೊಳ್ಳಬೇಡಿ, ನಮ್ಮಂಥ ಪಾಸ್‌ನವರಿಗೇ ಅದು. ಕೆಲಸ ಹೋದರೆ ಅಥವಾ ಬೇರೆ ದೇಶಕ್ಕೆ ವರ್ಗವಾದರೆ ಅಗ್ರಿಮೆಂಟ್ ಮುರಿಯುವ ಹಕ್ಕು. ಆದರೆ ಸಾಮಾನ್ಯವಾಗಿ ಎರಡು ವರ್ಷದ ಅಗ್ರಿಮೆಂಟಿನಲ್ಲಿ ಅದು ಜೀವ ಪಡೆಯುವುದು 12 ತಿಂಗಳಾದ ಮೇಲೆ, ಅದರ ಮೇಲೆ 2 ತಿಂಗಳ ನೋಟಿಸು. ಅಂದರೆ 14 ತಿಂಗಳ ಬಾಡಿಗೆ ಗ್ಯಾರಂಟಿ. ಜೊತೆಗೇ ಇನ್ನೊಂದು ಸಾಲು ಇರುತ್ತದೆ: ಓನರ್ ಏಜೆಂಟ್‌ಗೆ ಕೊಟ್ಟ ಕಮಿಷನ್‌ನಲ್ಲಿ ಉಳಿದ ತಿಂಗಳುಗಳ ಪಾಲನ್ನು ನೀವು ಕಟ್ಟಿಕೊಡಬೇಕು.

ನನ್ನ ಗೆಳೆಯನ ಕೆಲಸ ಒಂಬತ್ತನೇ ತಿಂಗಳಲ್ಲಿ ಹೋಯಿತು. ಕ್ಲಾಜ್ ಇತ್ತು, ಆದರೆ ಅದು ಇನ್ನೂ ನಿದ್ದೆಯಲ್ಲಿತ್ತು. ಪಾಸ್ ರದ್ದಾದ ಮೇಲೆ ಇರಲು ಸಿಕ್ಕಿದ್ದು 30 ದಿನ, ಅಗ್ರಿಮೆಂಟಿನಲ್ಲಿ ಬಾಕಿ 15 ತಿಂಗಳು. ಪುಣ್ಯಕ್ಕೆ ಅವನೇ ಓಡಾಡಿ ತನ್ನ ಜಾಗಕ್ಕೆ ಇನ್ನೊಂದು ಕುಟುಂಬ ಹುಡುಕಿಕೊಟ್ಟ, ಓನರ್ ಒಪ್ಪಿದರು. ಒಪ್ಪಲೇಬೇಕು ಅಂತ ಏನೂ ಇರಲಿಲ್ಲ. ಅದಕ್ಕೇ ಮೊದಲ ವರ್ಷ, ಕೆಲಸ ಹೊಸದು ಅಂದಾಗ, ಒಂದೇ ವರ್ಷದ ಅಗ್ರಿಮೆಂಟ್ ಮಾಡಿಕೊಳ್ಳಿ ಅನ್ನುವವನು ನಾನು. ಬಾಡಿಗೆ ಐವತ್ತು ನೂರು ಜಾಸ್ತಿಯಾದರೂ ಪರವಾಗಿಲ್ಲ. 2022ರ ಒಂದೇ ವರ್ಷದಲ್ಲಿ ಖಾಸಗಿ ಮನೆಗಳ ಬಾಡಿಗೆ ಸೂಚ್ಯಂಕ ಶೇ. 29.7 ಏರಿದ್ದನ್ನು ಕಂಡವರು ಎರಡು ವರ್ಷಕ್ಕೆ ಕಟ್ಟಿಹಾಕಿ ಅನ್ನುತ್ತಾರೆ. ಈಗ ಆ ಜ್ವರ ಇಳಿದಿದೆ.

ಸ್ಟ್ಯಾಂಪ್ ಡ್ಯೂಟಿ ಬಾಡಿಗೆದಾರರದ್ದು. ನಾಲ್ಕು ವರ್ಷದೊಳಗಿನ ಅಗ್ರಿಮೆಂಟಿಗೆ ಒಟ್ಟು ಬಾಡಿಗೆಯ ಶೇ. 0.4. ನಿಮ್ಮ 3,300ಕ್ಕೆ ಒಂದು ವರ್ಷ ಅಂದರೆ 39,600, ಅದಕ್ಕೆ 158 ಡಾಲರ್ ಚಿಲ್ಲರೆ. ಇಲ್ಲಿ ಸಹಿ ಹಾಕಿದರೆ 14 ದಿನದೊಳಗೆ ಆನ್‌ಲೈನ್‌ನಲ್ಲಿ ಕಟ್ಟಬೇಕು. 158 ಉಳಿಸಲು ಹೋಗಬೇಡಿ. ಸ್ಟ್ಯಾಂಪ್ ಆಗದ ಅಗ್ರಿಮೆಂಟನ್ನು ನಾಳೆ ಕೋರ್ಟಿನಲ್ಲಿ ಸಾಕ್ಷಿ ಅಂತ ತೋರಿಸಲು ಆಗುವುದಿಲ್ಲ.

ಹಾಸನದ ಹೊಸಬ

ಅಬ್ಬಾ, ಇಷ್ಟೆಲ್ಲಾ ಇದೆಯಾ! ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ನಿಮ್ಮ ಪೋಸ್ಟನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ.

ಇವತ್ತು ಒಬ್ಬರು ತಾವಾಗಿ ಮೆಸೇಜ್ ಮಾಡಿದ್ದಾರೆ. ಟ್ಯಾಂಪಿನೀಸ್‌ನಲ್ಲಿ ಪೂರ್ತಿ ಫರ್ನಿಶ್ ಆದ 4 ರೂಮ್, ಬರೀ 2,300. ಫೋಟೋ ನೋಡಿದರೆ ಹೋಟೆಲ್ ಥರ ಇದೆ. ಓನರ್ ಲಂಡನ್‌ನಲ್ಲಿದ್ದಾರಂತೆ, ಈಗಲೇ ಒಂದು ತಿಂಗಳ ಡಿಪಾಸಿಟ್ ಕಳಿಸಿದರೆ ನಮಗಾಗಿ ಹಿಡಿದಿಡುತ್ತಾರಂತೆ. ಕೀ ಕೊರಿಯರ್‌ನಲ್ಲಿ ಬರುತ್ತದಂತೆ. ಏಜೆಂಟ್ ಕಾರ್ಡಿನ ಫೋಟೋ ಕೂಡ ಕಳಿಸಿದ್ದಾರೆ.

ಸಿಮೇಯಿ ವಾಸಿ

ಕಳಿಸಬೇಡಿ!! ಕಳಿಸಬೇಡಿ. ಕಳಿಸಬೇಡಿ.

ಪುಂಗ್ಗೋಲ್ ಪುಟ್ಟಣ್ಣ

ಗುರುವೇ, ಕಾರ್ಡಿನ ಫೋಟೋ ಯಾರು ಬೇಕಾದರೂ ಕಳಿಸಬಹುದು, ನಿಜವಾದ ಏಜೆಂಟ್ ಕಾರ್ಡನ್ನೇ ಕದ್ದಿರುತ್ತಾರೆ. ಏಜೆಂಟ್‌ಗಳಿಗೆ ಲೈಸೆನ್ಸ್ ಕೊಡುವ ಸಿಇಎ ಅಂತ ಇದೆ. ಅದರ ವೆಬ್‌ಸೈಟಿನ ಪಬ್ಲಿಕ್ ರಿಜಿಸ್ಟರ್‌ನಲ್ಲಿ ಹೆಸರಲ್ಲ, ನಿಮಗೆ ಮೆಸೇಜ್ ಬಂದ ಫೋನ್ ನಂಬರ್ ಹಾಕಿ ಹುಡುಕಿ. ನಂಬರ್ ಸಿಗಲಿಲ್ಲ ಅಂದರೆ ಬ್ಲಾಕ್ ಮಾಡಿ ಮಲಗಿ. ಇನ್ನೊಂದು: ಎಚ್‌ಡಿಬಿ ಬಾಡಿಗೆಯ ದುಡ್ಡನ್ನು ಏಜೆಂಟ್ ಕೈಯಲ್ಲಿ ಮುಟ್ಟುವ ಹಾಗೇ ಇಲ್ಲ. ದುಡ್ಡು ಸೀದಾ ಓನರ್ ಖಾತೆಗೆ, ಅದೂ ಮನೆ ಕಣ್ಣಾರೆ ನೋಡಿದ ಮೇಲೆ.

ನಾನು ಮೋಸ ಹೋಗಿದ್ದು ಬೇರೆ ಥರ. ಅದನ್ನೂ ಕೇಳಿ. ನಾವು ಮೂವರು ಹುಡುಗರು ಸೇರಿ ಒಂದು ಫ್ಲ್ಯಾಟ್ ಹಿಡಿದೆವು. ಮೂರು ಬೆಡ್‌ರೂಮ್, ಎರಡು ನಮಗೆ, ಒಂದಕ್ಕೆ ಬೀಗ. ‘ಅದು ನನ್ನ ರೂಮ್, ಆಗಾಗ ಬರುತ್ತೇನೆ’ ಅಂದ ಓನರ್. ಎಂಟು ತಿಂಗಳಲ್ಲಿ ಅವನು ಬಂದದ್ದು ಎರಡು ಸಲ, ಒಮ್ಮೆ ಫ್ಯಾನ್ ತೆಗೆದುಕೊಂಡು ಹೋಗಲು. ಒಂದು ಸಂಜೆ ಆರೂವರೆಗೆ ಬಾಗಿಲು ಬಡಿದರು. ಎಚ್‌ಡಿಬಿ ಅಧಿಕಾರಿಗಳು. ಓನರ್ ಎಲ್ಲಿ, ಅವನ ಬಟ್ಟೆ ಎಲ್ಲಿ, ಹಲ್ಲುಜ್ಜುವ ಬ್ರಷ್ ಎಲ್ಲಿ ಅಂತ ಕೇಳಿದರು. ಬೀಗ ಹಾಕಿದ ರೂಮಿನಲ್ಲಿ ಇದ್ದದ್ದು ಹಳೇ ಸೂಟ್‌ಕೇಸು, ಒಂದು ಕ್ರಿಸ್‌ಮಸ್ ಮರ.

ವಿಷಯ ಏನಪ್ಪಾ ಅಂದರೆ, ರೂಮ್ ಬಾಡಿಗೆ ಕೊಡುವ ಓನರ್ ಅದೇ ಮನೆಯಲ್ಲಿ ವಾಸ ಇರಲೇಬೇಕು. ಇಡೀ ಮನೆ ಕೊಡಬೇಕು ಅಂದರೆ ಅವನು ಸಿಟಿಜನ್ ಆಗಿರಬೇಕು, ಕನಿಷ್ಠ ಐದು ವರ್ಷ ತಾನು ವಾಸ ಮಾಡಿರಬೇಕು, ಮೊದಲೇ ಒಪ್ಪಿಗೆ ಪಡೆದಿರಬೇಕು. ಅದ್ಯಾವುದೂ ಇಲ್ಲದವರು ಒಂದು ರೂಮಿಗೆ ಬೀಗ ಜಡಿದು ಆಟ ಆಡುತ್ತಾರೆ. ನಮಗೆ ದಂಡ ಬೀಳಲಿಲ್ಲ, ಆದರೆ ಎರಡು ವಾರದಲ್ಲಿ ಮನೆ ಖಾಲಿ ಮಾಡಿದೆವು, ಡಿಪಾಸಿಟ್‌ಗಾಗಿ ನಾಲ್ಕು ತಿಂಗಳು ಅಲೆದೆವು. ನಿಮ್ಮ ಹೆಸರು ಆ ಮನೆಯ ಬಾಡಿಗೆದಾರರ ಪಟ್ಟಿಯಲ್ಲಿ ಸೇರಿದೆಯಾ ಅಂತ ಎಚ್‌ಡಿಬಿ ವೆಬ್‌ಸೈಟಿನಲ್ಲೇ ನೋಡಬಹುದು. ಕೀ ಸಿಕ್ಕ ದಿನವೇ ನೋಡಿ. ಇನ್ನು ಆರು ತಿಂಗಳಿಗಿಂತ ಕಡಿಮೆಗೆ ಎಚ್‌ಡಿಬಿ ಮನೆ ಕೊಡುತ್ತೇನೆ ಅನ್ನುವವನು ಸಿಕ್ಕರೆ ಅವನೂ ಕಳ್ಳನೇ. ಕಾಂಡೋಗೆ ಮೂರು ತಿಂಗಳು.

ಗೋಡೆಯ ಮೊಳೆ

ಡಿಪಾಸಿಟ್ ವಾಪಸ್ ತೆಗೆದುಕೊಂಡ ನನ್ನ ಕಥೆಯನ್ನೂ ಹೇಳುತ್ತೇನೆ, ಗೆದ್ದ ಕಥೆ ಅಪರೂಪ.

ಕೀ ಸಿಕ್ಕ ದಿನ ನನ್ನ ಹೆಂಡತಿ ಎರಡು ಗಂಟೆ ಮನೆಯ ವಿಡಿಯೋ ಮಾಡಿದಳು. ಪ್ರತಿ ಸ್ವಿಚ್ಚು, ಪ್ರತಿ ನಲ್ಲಿ, ಫ್ರಿಜ್ಜಿನೊಳಗಿನ ಒಡೆದ ಟ್ರೇ, ಸೋಫಾ ಕೆಳಗಿನ ಗೀರು, ಗೋಡೆಯಲ್ಲಿ ಹಿಂದಿನವರು ಹೊಡೆದ ಹದಿನಾಲ್ಕು ಮೊಳೆ. ನಾನು ನಕ್ಕೆ, ‘ಮನೆ ಬಾಡಿಗೆಗೋ, ಮದುವೆ ವಿಡಿಯೋಗೋ’ ಅಂತ. ಅದನ್ನೆಲ್ಲ ಅದೇ ದಿನ ಓನರ್‌ಗೆ ಇಮೇಲ್ ಮಾಡಿದಳು. ಅದೇ ದಿನ ಅನ್ನುವುದು ಮುಖ್ಯ.

ಎರಡು ವರ್ಷದ ಮೇಲೆ ಬಿಡುವಾಗ 1,900 ಡಾಲರ್ ಬಿಲ್ಲು ಬಂತು. ಮೊಳೆ ತೂತು ಮುಚ್ಚಿ ಪೇಂಟ್, ಸೋಫಾ, ಫ್ರಿಜ್ ಟ್ರೇ, ಎಸಿಗೆ ಕೆಮಿಕಲ್ ವಾಶ್. ಎಸಿ ಬಗ್ಗೆ ಗೊತ್ತಿರಲಿ: ಇಲ್ಲಿ ಮೂರು ತಿಂಗಳಿಗೊಮ್ಮೆ ಎಸಿ ಸರ್ವಿಸ್ ಮಾಡಿಸುವುದು ಬಾಡಿಗೆದಾರನ ಕೆಲಸ ಅಂತ ಅಗ್ರಿಮೆಂಟಿನಲ್ಲೇ ಇರುತ್ತದೆ. ನನ್ನ ಹತ್ತಿರ ಎಂಟು ಸರ್ವಿಸ್‌ಗೆ ಎಂಟು ರಸೀದಿ ಇತ್ತು. ಒಂದೇ ಒಂದು ಕಳೆದಿದ್ದರೂ ಅದನ್ನೇ ಹಿಡಿದು ಎಳೆಯುತ್ತಿದ್ದರು.

ಸ್ಮಾಲ್ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಆನ್‌ಲೈನ್‌ನಲ್ಲಿ ಹಾಕಿದೆ. ಎರಡು ವರ್ಷ ಮೀರದ ಮನೆ ಬಾಡಿಗೆ ಅಗ್ರಿಮೆಂಟಿನ ತಕರಾರು, 20,000 ಡಾಲರ್‌ವರೆಗೆ, ಅಲ್ಲಿಗೆ ಹೋಗಬಹುದು. ನನ್ನ ಮೊತ್ತಕ್ಕೆ ಫೀಸು 10 ಡಾಲರ್. ಲಾಯರ್‌ಗಳಿಗೆ ಅಲ್ಲಿ ಪ್ರವೇಶವೇ ಇಲ್ಲ, ಅವರೂ ತಾವೇ ಬಂದು ಮಾತಾಡಬೇಕು, ನಾವೂ ನಾವೇ. ವಿಡಿಯೋದ ತಾರೀಖು, ಇಮೇಲ್, ರಸೀದಿ ಎಲ್ಲಾ ಜೋಡಿಸಿ ಅಪ್‌ಲೋಡ್ ಮಾಡಿದೆ. ವಿಚಾರಣೆವರೆಗೆ ಹೋಗಲೇ ಇಲ್ಲ, ಮೊದಲ ಮಾತುಕತೆಯಲ್ಲೇ 200 ಮುರಿದುಕೊಂಡು ಉಳಿದದ್ದು ಕೊಟ್ಟರು. ಆ 200 ಒಂದು ಬಲ್ಬ್ ಹೋಲ್ಡರ್, ಒಂದು ಕಿಟಕಿ ಹಿಡಿಗೆ. ಅದು ನಿಜಕ್ಕೂ ನಮ್ಮದೇ ತಪ್ಪು.

ಇನ್ನೊಂದು ಮಾತು, ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಕೆಲಸ ಬಿಟ್ಟು ದೇಶ ಬಿಡುವಾಗ ಕಂಪನಿಯವರು ತೆರಿಗೆ ಲೆಕ್ಕ ಮುಗಿಯುವವರೆಗೆ ನಿಮಗೆ ಬರಬೇಕಾದ ಸಂಬಳ ಹಿಡಿದಿಡುತ್ತಾರೆ, ಕಾನೂನೇ ಹಾಗೆ. ಡಿಪಾಸಿಟ್ ಬರುವುದು ಕೀ ಕೊಟ್ಟ ಮೇಲೆ. ಕೊನೆಯ ತಿಂಗಳ ಬಾಡಿಗೆಯನ್ನು ಡಿಪಾಸಿಟ್‌ನಲ್ಲಿ ಮುರಿದುಕೊಳ್ಳಿ ಅಂದರೆ ಅಗ್ರಿಮೆಂಟ್ ಒಪ್ಪುವುದಿಲ್ಲ. ಹಾಗಾಗಿ ಕೊನೆಯ ಒಂದೂವರೆ ತಿಂಗಳಿಗೆ ಬೇರೆ ದುಡ್ಡು ಎತ್ತಿಡಿ. ನಾನು ಟಿಕೆಟ್‌ಗೆ ಭಾವಮೈದುನನ ಹತ್ತಿರ ಸಾಲ ಕೇಳಿದ್ದೆ, ಈಗಲೂ ಆಡಿಕೊಳ್ಳುತ್ತಾನೆ.

ಹಾಸನದ ಹೊಸಬ

ಆ ಲಂಡನ್ ಓನರ್‌ನ ಏಜೆಂಟ್ ನಂಬರ್ ರಿಜಿಸ್ಟರ್‌ನಲ್ಲಿ ಇಲ್ಲ. ಬ್ಲಾಕ್ ಮಾಡಿದೆ. ಬೆವರು ಬಂತು.

ನನ್ನ ಹೆಂಡತಿಯ ಎರಡು ಪ್ರಶ್ನೆ: ದೇವರ ಮನೆಗೆ ಜಾಗ ಇರುತ್ತದಾ? ಗ್ರೈಂಡರ್ ತರಬಹುದಾ?

ಒಗ್ಗರಣೆ ಡಬ್ಬಿ

ದೇವರ ಮನೆ! ನಮ್ಮ ದೇವರು ಬಾಂಬ್ ಶೆಲ್ಟರ್‌ನಲ್ಲಿದ್ದಾರೆ. ತಮಾಷೆ ಅಲ್ಲ. ತೊಂಬತ್ತರ ದಶಕದ ಕೊನೆಯಿಂದ ಕಟ್ಟಿದ ಫ್ಲ್ಯಾಟುಗಳಲ್ಲಿ ದಪ್ಪ ಕಾಂಕ್ರೀಟ್ ಗೋಡೆ, ಉಕ್ಕಿನ ಬಾಗಿಲಿರುವ ಪುಟ್ಟ ಕೋಣೆ ಒಂದು ಇರುತ್ತದೆ, ಯುದ್ಧ ಬಂದರೆ ಅಂತ. ಸಾಮಾನ್ಯವಾಗಿ ಎಲ್ಲರೂ ಸೂಟ್‌ಕೇಸ್, ಅಕ್ಕಿ ಮೂಟೆ ತುಂಬುತ್ತಾರೆ. ನಾನು ಹಿಂದಿನ ಮನೆಯಿಂದ ಈ ಮನೆಗೆ ಬಂದಾಗ ಒಂದು ಪುಟ್ಟ ಸ್ಟ್ಯಾಂಡ್ ಇಟ್ಟು ಅಲ್ಲೇ ಮಂಟಪ ಮಾಡಿದೆ. ಆ ಗೋಡೆಗೆ ಮೊಳೆ ಹೊಡೆಯಲು ಹೋಗಬೇಡಿ. ದೀಪ ಹಚ್ಚುವಾಗ ಬಾಗಿಲು ಪೂರ್ತಿ ತೆರೆದಿಡಿ. ಧೂಪ ಅಲ್ಲಿ ಬೇಡವೇ ಬೇಡ. ಹೊಸ ಮನೆಗಳಲ್ಲಿ ಹೊಗೆಗೆ ಕೂಗುವ ಅಲಾರಂ ಬೇರೆ ಇರುತ್ತದೆ. ನನ್ನ ತಂಗಿ ಆಯುಧ ಪೂಜೆಗೆ ಸಾಂಬ್ರಾಣಿ ಹಾಕಿ, ಪಕ್ಕದ ಮನೆಯವರು ಮಗುವನ್ನು ಎತ್ತಿಕೊಂಡು ಲಿಫ್ಟ್ ಹತ್ತಿರ ಓಡಿದ್ದರು.

ಗ್ರೈಂಡರ್ ಬಗ್ಗೆ ಭಟ್ಟರು ಹೇಳಲಿ, ದೋಸೆ ಅವರ ಇಲಾಖೆ.

ಹಾಸನದ ಹೊಸಬ

ಏಳು ವಾರ ಆಯಿತು, ಸುದ್ದಿ ಕೊಡದೆ ಇದ್ದದ್ದಕ್ಕೆ ಕ್ಷಮಿಸಿ. ಮನೆ ಸಿಕ್ಕಿತು! ಟ್ಯಾಂಪಿನೀಸ್, 1980ರ ದಶಕದ ಹಳೇ ಬ್ಲಾಕ್, 4 ರೂಮ್, 3,250. ಒಂಬತ್ತು ಮನೆ ನೋಡಿದೆವು. ಎರಡು ಕೋಟಾದಲ್ಲಿ ಹೋದವು, ಒಂದು ಅಡುಗೆಯಲ್ಲಿ ಹೋಯಿತು, ಒಂದರಲ್ಲಿ ಏಜೆಂಟ್ ನಮ್ಮನ್ನು ನೋಡಿದ ತಕ್ಷಣ ‘ಈಗಷ್ಟೇ ಬುಕ್ ಆಯಿತು’ ಅಂದ. ಮಾರನೇ ದಿನವೂ ಜಾಹೀರಾತು ಇತ್ತು.

ಈ ಓನರ್ ರಿಟೈರ್ ಆದ ಮಲಯ್ ಅಂಕಲ್. ಅಡುಗೆ ವಿಷಯ ಹೇಳಲು ನನ್ನ ಹೆಂಡತಿ ಇಂಗ್ಲಿಷ್‌ನಲ್ಲಿ ವಾಕ್ಯ ಕಟ್ಟಿಕೊಂಡು ಹೋಗಿದ್ದಳು. ಬಾಗಿಲು ತೆಗೆದರೆ ಒಳಗಿಂದ ಮೆಣಸಿನಕಾಯಿ ಸಂಬಾಲ್ ಹುರಿಯುವ ಘಾಟು ಬಂತು, ಮೂವರಿಗೂ ಕೆಮ್ಮು. ಮಗಳು ‘ಅಜ್ಜಿ ಮನೆ ವಾಸನೆ’ ಅಂದಳು. ಅಡುಗೆ ಮಾತೇ ಬರಲಿಲ್ಲ, ಆದರೂ ನಾವು ಲೆಟರ್ ಆಫ್ ಇಂಟೆಂಟ್‌ನಲ್ಲಿ ‘ಕುಕಿಂಗ್ ಅಲೋಡ್’ ಅಂತ ಬರೆಸಿದೆವು. ಒಂದು ವರ್ಷದ ಅಗ್ರಿಮೆಂಟ್, ಸ್ಟ್ಯಾಂಪ್ ಆಗಿದೆ, ನಮ್ಮ ಹೆಸರೂ ವೆಬ್‌ಸೈಟಿನಲ್ಲಿ ಬಂದಿದೆ. ವಿಡಿಯೋ 48 ನಿಮಿಷ.

ಬಾಂಬ್ ಶೆಲ್ಟರ್ ಇಲ್ಲ, ಬ್ಲಾಕ್ ಅದಕ್ಕಿಂತ ಹಳೆಯದು. ದೇವರು ಸದ್ಯಕ್ಕೆ ಫ್ರಿಜ್ ಪಕ್ಕದಲ್ಲಿದ್ದಾರೆ. ಭಟ್ಟರೇ, ಗ್ರೈಂಡರ್ ವಿಷಯ ಹಾಗೇ ಉಳಿಯಿತು. ಅಮ್ಮ ಡಿಸೆಂಬರ್‌ನಲ್ಲಿ ಬರುತ್ತಿದ್ದಾರೆ, ತರಿಸಲಾ?

ಬೆಡೋಕ್ ಭಟ್ಟ

ಅಭಿನಂದನೆ! ಅಮ್ಮನ ಕೈಲಿ ಗ್ರೈಂಡರ್ ಹೊರಿಸಬೇಡಿ ಮಾರಾಯರೇ, ಕಲ್ಲಿನ ಭಾರಕ್ಕೇ ಲಗೇಜ್ ಮುಗಿದುಹೋಗುತ್ತದೆ. ಲಿಟಲ್ ಇಂಡಿಯಾದಲ್ಲಿ ಟೇಬಲ್ ಟಾಪ್ ಗ್ರೈಂಡರ್ ಸಿಗುತ್ತದೆ, ಅದೂ ಇಲ್ಲಿನ ಚೌಕದ ಮೂರು ಪಿನ್ನಿನ ಪ್ಲಗ್ ಇರುವಂಥದ್ದು. ಅಮ್ಮನ ಕೈಲಿ ಉಪ್ಪಿನಕಾಯಿ, ಸಾರಿನ ಪುಡಿ ತರಿಸಿ. ರಾತ್ರಿ ಹತ್ತರ ಮೇಲೆ ರುಬ್ಬಬೇಡಿ, ಕೆಳಗಿನ ಮನೆಯವರಿಗೆ ಕೇಳಿಸುತ್ತದೆ. ಗ್ರೈಂಡರ್ ಕೆಳಗೆ ಹಳೇ ಯೋಗ ಮ್ಯಾಟ್ ಮಡಚಿ ಹಾಕಿ. ಇಲ್ಲಿನ ಸೆಕೆಗೆ ಹಿಟ್ಟು ಐದಾರು ಗಂಟೆಯಲ್ಲೇ ಉಬ್ಬಿ ಪಾತ್ರೆ ದಾಟುತ್ತದೆ, ದೊಡ್ಡ ಪಾತ್ರೆ ಇಟ್ಟುಕೊಳ್ಳಿ. ಮೊದಲ ದೋಸೆ ಆದ ದಿನ ಆ ಮಲಯ್ ಅಂಕಲ್‌ಗೂ ಎರಡು ಕಳಿಸಿ.